ವಡೋದರದ ಬಾಲಸಖಿಯರು: ಮೂರನೇ ತರಗತಿಯಲ್ಲಿ ಕೂತು ಒಂದನೇ ತರಗತಿಯ ಲೆಕ್ಕ ಕಲಿತ ಮಕ್ಕಳು

2000ರ ದಶಕದ ಶುರುವಿನಲ್ಲಿ ಗುಜರಾತಿನ ವಡೋದರ ನಗರಪಾಲಿಕೆ ಶಾಲೆಗಳಲ್ಲಿ ಮೂರನೇ ತರಗತಿಯ ಮಕ್ಕಳಿಗೆ ಒಂದು ಪರೀಕ್ಷೆ ಕೊಟ್ಟರು. ಅದರಲ್ಲಿ ಒಂದನೇ ತರಗತಿಯ ಲೆಕ್ಕಗಳೂ ಇದ್ದವು. ಅವನ್ನು ಸರಿಯಾಗಿ ಮಾಡಿದವರು 100ಕ್ಕೆ 19.5 ಮಕ್ಕಳು ಮಾತ್ರ.

ಉಳಿದ 80 ಮಕ್ಕಳು ಶಾಲೆ ಬಿಟ್ಟವರಲ್ಲ. ಹೆಸರು ಹಾಜರಿ ಪುಸ್ತಕದಲ್ಲಿದೆ, ಬೆಂಚಿನಲ್ಲಿ ಜಾಗ ಇದೆ, ಎರಡು ವರ್ಷ ಪಾಸಾಗಿ ಬಂದಿದ್ದಾರೆ. ಮೇಷ್ಟ್ರು ಬೋರ್ಡಿನ ಮೇಲೆ ಮೂರನೇ ತರಗತಿಯ ಲೆಕ್ಕ ಬರೆಯುತ್ತಾರೆ, ಇವರು ಅದನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಾರೆ. ಉತ್ತರವೂ ಬೋರ್ಡಿನಿಂದಲೇ ಬರುತ್ತದೆ. ನೋಟ್‌ಬುಕ್ ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಪಾಠ ನಡೆಯುತ್ತಿದೆ, ಕಲಿಕೆ ಮಾತ್ರ ನಡೆಯುತ್ತಿಲ್ಲ.

ಈ ಸ್ಥಿತಿಯಲ್ಲಿ ಅಲ್ಲಿ ಒಂದು ಪ್ರಯೋಗ ನಡೆಯಿತು. ಪ್ರಾಥಮಿಕ ಶಾಲೆಯ ಲೆಕ್ಕದ ಬಗ್ಗೆ ದೇಶದಲ್ಲಿ ಆಮೇಲೆ ಆದ ಎಷ್ಟೋ ಕೆಲಸಗಳಿಗೆ ಅದೇ ಬುನಾದಿ. ಅದರ ಕಥೆಯನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಏನು ಕೆಲಸ ಮಾಡಿತು ಅನ್ನೋದು ಎಷ್ಟು ಮುಖ್ಯವೋ, ಏನು ಕೆಲಸ ಮಾಡಲಿಲ್ಲ ಅನ್ನೋದೂ ಅಷ್ಟೇ ಮುಖ್ಯ.

ತಪ್ಪು ಎಲ್ಲಿದೆ?

ಮೊದಲು ಒಂದು ಲೆಕ್ಕ. 41ರಲ್ಲಿ 13 ಕಳೆಯಬೇಕು.

ಹಿಂದೆ ಬಿದ್ದ ಮಕ್ಕಳಲ್ಲಿ ಬಹಳ ಜನ ಇದಕ್ಕೆ 32 ಅಂತ ಬರೆಯುತ್ತಾರೆ. ಯಾವ ಊರಿನ ಶಾಲೆಗೆ ಹೋದರೂ ಈ 32 ಸಿಗುತ್ತದೆ. ಸುಮ್ನೆ ಬಾಯಿಗೆ ಬಂದ ಉತ್ತರ ಅಲ್ಲ ಇದು. ಬಿಡಿ ಸ್ಥಾನದಲ್ಲಿ ಮೇಲೆ 1, ಕೆಳಗೆ 3. 1ರಲ್ಲಿ 3 ಹೋಗಲ್ಲ. ಹಾಗಾಗಿ ಮಗು ಉಲ್ಟಾ ಮಾಡಿ 3ರಲ್ಲಿ 1 ಕಳೆಯಿತು, 2 ಬಂತು. ಹತ್ತರ ಸ್ಥಾನದಲ್ಲಿ 4ರಲ್ಲಿ 1 ಹೋದರೆ 3. ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು ಅಂತ ಎಂದೋ ಕೇಳಿದ್ದ ಮಾತನ್ನು ಅದು ಪ್ರತಿ ಅಂಕಿಗೂ ಅನ್ವಯಿಸಿಕೊಂಡಿದೆ. ತನ್ನದೇ ನಿಯಮ ಮಾಡಿಕೊಂಡು ಅದನ್ನು ನಿಷ್ಠೆಯಿಂದ ಪಾಲಿಸುತ್ತಿದೆ. ಕೆಂಪು ಪೆನ್ನಿನಲ್ಲಿ ತಪ್ಪು ಹಾಕಿದರೆ ಆ ನಿಯಮ ಹೋಗುವುದಿಲ್ಲ. ಇನ್ನೂ 20 ಲೆಕ್ಕ ಹೋಂವರ್ಕ್ ಕೊಟ್ಟರೆ ಅದೇ ನಿಯಮ 20 ಸಲ ಗಟ್ಟಿಯಾಗುತ್ತದೆ, ಅಷ್ಟೇ.

ಇನ್ನೊಂದು ಮಗು ‘ನೂರಾ ಐದು’ ಬರೆ ಅಂದರೆ 1005 ಅಂತ ಬರೆಯುತ್ತದೆ. ಮೊದಲು 100, ಪಕ್ಕದಲ್ಲಿ 5. ಕಿವಿಗೆ ಕೇಳಿದ್ದನ್ನು ಹಾಗೇ ಇಳಿಸಿದೆ. ಅಂಕಿ ನಿಂತ ಜಾಗಕ್ಕೂ ಒಂದು ಬೆಲೆ ಇದೆ ಅನ್ನೋದು ಇನ್ನೂ ಅದರ ತಲೆಗೆ ಹೋಗಿಲ್ಲ. ಈ ಮಗುವಿಗೆ ನಾಲ್ಕಂಕಿಯ ಕೂಡುವ ಲೆಕ್ಕ ಹೇಳಿಕೊಟ್ಟು ಏನು ಪ್ರಯೋಜನ? ಆದರೆ ಪುಸ್ತಕದಲ್ಲಿ ಇವತ್ತಿನ ಪಾಠ ಅದೇ.

ಇಂಥ ಮಗುವಿನ ಕೈಗೆ ಕಡ್ಡಿ ಕೊಡಿ. ಹತ್ತು ಹತ್ತು ಕಡ್ಡಿಗಳನ್ನು ರಬ್ಬರ್‌ ಬ್ಯಾಂಡ್ ಹಾಕಿ ಕಟ್ಟಿಟ್ಟಿರಿ. 41 ಅಂದರೆ ನಾಲ್ಕು ಕಟ್ಟು, ಒಂದು ಬಿಡಿ ಕಡ್ಡಿ. ಈಗ 13 ಕೊಡು ಅನ್ನಿ. ಒಂದು ಕಟ್ಟು ಕೊಡುತ್ತದೆ. ಮೂರು ಬಿಡಿ ಕಡ್ಡಿ ಬೇಕು, ಇರೋದು ಒಂದೇ. ಸ್ವಲ್ಪ ಹೊತ್ತು ನಿಮ್ಮ ಮುಖ ನೋಡುತ್ತದೆ. ಆಮೇಲೆ ತಾನೇ ಒಂದು ಕಟ್ಟಿನ ರಬ್ಬರ್‌ ಬ್ಯಾಂಡ್ ಬಿಚ್ಚುತ್ತದೆ. ಈಗ ಬಿಡಿ ಕಡ್ಡಿ ಹನ್ನೊಂದು. ಮೂರು ಕೊಟ್ಟರೆ ಎಂಟು ಉಳಿಯಿತು, ಕಟ್ಟು ಎರಡು ಉಳಿಯಿತು. ಇಪ್ಪತ್ತೆಂಟು. ಬೋರ್ಡಿನ ಮೇಲೆ 4 ಹೊಡೆದು 3 ಮಾಡಿ, ಪಕ್ಕದಲ್ಲಿ ಪುಟ್ಟದಾಗಿ 1 ಬರೆಯುತ್ತೇವಲ್ಲ, ಅದು ಏನು ಅನ್ನೋದು ಈ ಬಿಚ್ಚಿದ ಕಟ್ಟಿನಲ್ಲಿ ಕಾಣುತ್ತದೆ.

ಇದಕ್ಕೆ ದೊಡ್ಡ ಪದವಿ ಬೇಡ. ಬೇಕಾದ್ದು ಸಮಯ, ಮತ್ತು ಆ ಮಗುವಿನ ಎದುರು ಕೂರುವ ಒಬ್ಬರು. 50 ಮಕ್ಕಳ ಮುಂದೆ ನಿಂತು ಪೋರ್ಷನ್ ಮುಗಿಸಬೇಕಾದವರ ಹತ್ತಿರ ಇವೆರಡೂ ಇರುವುದಿಲ್ಲ.

ಬಾಲಸಖಿ ಬಂದಳು

ಪ್ರಥಮ್ ಸಂಸ್ಥೆ 1990ರ ದಶಕದ ಮಧ್ಯದಲ್ಲಿ ಮುಂಬೈಯಲ್ಲಿ ಶುರುವಾಯಿತು. ಮಾಧವ್ ಚವಾಣ್ ಮತ್ತು ಫರೀದಾ ಲಾಂಬೆ ಅದರ ಸ್ಥಾಪಕರು. ಮೊದಲು ಕೊಳೆಗೇರಿಯ ಮಕ್ಕಳಿಗೆ ಬಾಲವಾಡಿ ನಡೆಸುತ್ತಿದ್ದರು. ಶಾಲೆಗೆ ಹೋಗುವ ಮಕ್ಕಳಿಗೂ ಓದು, ಲೆಕ್ಕ ಬರುತ್ತಿಲ್ಲ ಅಂತ ಕಂಡ ಮೇಲೆ ಹುಟ್ಟಿದ್ದು ಬಾಲಸಖಿ ಯೋಜನೆ.

ಯೋಜನೆ ತುಂಬ ಸರಳ. ಶಾಲೆಯ ಸುತ್ತಲಿನ ಬಡಾವಣೆಯ ಒಬ್ಬ ಹುಡುಗಿ, ಸಾಮಾನ್ಯವಾಗಿ ಹೈಸ್ಕೂಲು ಮುಗಿಸಿದವಳು. ಅವಳಿಗೆ ಶುರುವಿನಲ್ಲಿ ಎರಡು ವಾರ ತರಬೇತಿ. ಮೂರು, ನಾಲ್ಕನೇ ತರಗತಿಯಲ್ಲಿ ತೀರಾ ಹಿಂದುಳಿದ 15ರಿಂದ 20 ಮಕ್ಕಳನ್ನು ಅವಳು ಕರೆದುಕೊಂಡು ಹೋಗುತ್ತಾಳೆ. ಶಾಲೆ ದಿನಕ್ಕೆ ಸುಮಾರು ನಾಲ್ಕು ಗಂಟೆ. ಅದರಲ್ಲಿ ಎರಡು ಗಂಟೆ ಮಕ್ಕಳು ಇವಳ ಜೊತೆ. ಖಾಲಿ ಕೋಣೆ ಇದ್ದರೆ ಅಲ್ಲಿ, ಇಲ್ಲದಿದ್ದರೆ ಆಟದ ಮೈದಾನ, ಅದೂ ಇಲ್ಲದಿದ್ದರೆ ವರಾಂಡ. ಕಲಿಸುವುದು ಒಂದು, ಎರಡನೇ ತರಗತಿಯಲ್ಲಿ ಬರಬೇಕಿದ್ದ ಓದು ಮತ್ತು ಲೆಕ್ಕ.

‘ಶಾಲೆಯ ಹೊತ್ತಿನಲ್ಲೇ’ ಅನ್ನೋದನ್ನು ಗಮನಿಸಬೇಕು. ನಮ್ಮಲ್ಲಿ ‘ವಿಶೇಷ ತರಗತಿ’ ಅಂದರೆ ಸಾಮಾನ್ಯವಾಗಿ ಸಂಜೆ ಬೆಲ್ ಹೊಡೆದ ಮೇಲೆ. ಮಕ್ಕಳಿಗೆ ಹೊಟ್ಟೆ ಹಸಿದಿರುತ್ತದೆ, ಉಳಿದವರು ಆಡೋಕೆ ಹೋಗಿರುತ್ತಾರೆ. ಅಲ್ಲಿ ಹೇಳಿಕೊಡುವುದು ಬೆಳಿಗ್ಗೆ ಅರ್ಥ ಆಗದ ಅದೇ ಪಾಠ, ಸ್ವಲ್ಪ ಜೋರು ದನಿಯಲ್ಲಿ. ಹಿಂದುಳಿದದ್ದಕ್ಕೆ ಶಿಕ್ಷೆ ಅಂತಲೇ ಮಗು ಅಂದುಕೊಳ್ಳುತ್ತದೆ, ಅಲ್ವಾ?

ಲಾಟರಿ ಹಾಕಿ ಅಳೆದರು

ಯೋಜನೆ ಚೆನ್ನಾಗಿದೆ ಅಂತ ಹೇಳಿಕೊಳ್ಳುವುದು ಸುಲಭ. ಮಕ್ಕಳು ಹೇಗೂ ಒಂದು ವರ್ಷದಲ್ಲಿ ಒಂದಿಷ್ಟು ಕಲಿಯುತ್ತಾರೆ. ಆ ಕಲಿಕೆ ಯೋಜನೆಯಿಂದ ಬಂತೋ, ಬೆಳೆದಿದ್ದಕ್ಕೆ ಬಂತೋ? ಇದನ್ನು ಬಿಡಿಸಿ ನೋಡಲು ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ, ಶಾನ್ ಕೋಲ್ ಮತ್ತು ಲೀ ಲಿಂಡೆನ್ ಅನ್ನುವ ಅರ್ಥಶಾಸ್ತ್ರಜ್ಞರು ಪ್ರಥಮ್ ಜೊತೆ ಸೇರಿದರು. ವಡೋದರ ಮತ್ತು ಮುಂಬೈ ಎರಡೂ ಕಡೆ, 2001ರಿಂದ 2003ರವರೆಗೆ.

ಅವರು ಮಾಡಿದ ಏರ್ಪಾಡು ಜಾಣತನದ್ದು. ವಡೋದರದ ಶಾಲೆಗಳನ್ನು ಲಾಟರಿ ಹಾಕಿ ಎರಡು ಗುಂಪು ಮಾಡಿದರು. ಒಂದು ಗುಂಪಿನ ಶಾಲೆಗಳಿಗೆ ಮೂರನೇ ತರಗತಿಗೆ ಬಾಲಸಖಿ, ಇನ್ನೊಂದು ಗುಂಪಿಗೆ ನಾಲ್ಕನೇ ತರಗತಿಗೆ. ಮುಂದಿನ ವರ್ಷ ಅದಲು ಬದಲು. ಹೀಗೆ ಪ್ರತಿ ಶಾಲೆಗೂ ಏನೋ ಒಂದು ಸಿಕ್ಕಿತು, ‘ನಮಗ್ಯಾಕಿಲ್ಲ’ ಅನ್ನುವ ಜಗಳ ಇಲ್ಲ. ಹೋಲಿಕೆಯೂ ಸುಲಭ: ಬಾಲಸಖಿ ಇದ್ದ ಮೂರನೇ ತರಗತಿ, ಅವಳಿಲ್ಲದ ಮೂರನೇ ತರಗತಿ.

ಮೊದಲ ವರ್ಷ ಕೆಲಸ ಸುಗಮವಾಗಿರಲಿಲ್ಲ. 2002ರಲ್ಲಿ ಗುಜರಾತಿನಲ್ಲಿ ಗಲಭೆ ಆಯಿತು, ವಡೋದರವೂ ಅದಕ್ಕೆ ಸಿಕ್ಕಿತು. ಎರಡನೇ ವರ್ಷದ ಫಲಿತಾಂಶವನ್ನೇ ಹೆಚ್ಚು ನಂಬಬಹುದು.

ಫಲಿತಾಂಶ ಹೀಗಿತ್ತು. ಬಾಲಸಖಿ ಇದ್ದ ತರಗತಿಗಳ ಅಂಕ ಮೊದಲ ವರ್ಷ 0.14, ಎರಡನೇ ವರ್ಷ 0.28 ‘ಸ್ಟ್ಯಾಂಡರ್ಡ್ ಡೀವಿಯೇಷನ್’ (ಮಕ್ಕಳ ಅಂಕ ಎಷ್ಟು ಹರಡಿವೆ ಅನ್ನುವ ಅಳತೆ) ಏರಿತು. ಇದನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ, 100 ಮಕ್ಕಳನ್ನು ಅಂಕದ ಪ್ರಕಾರ ಸಾಲಾಗಿ ನಿಲ್ಲಿಸಿ. ಕೆಳಗಿನಿಂದ 50ನೇ ಜಾಗದಲ್ಲಿದ್ದ ಮಗು ಒಂದೇ ವರ್ಷದಲ್ಲಿ ಸುಮಾರು 61ನೇ ಜಾಗಕ್ಕೆ ಬಂತು ಅಂದುಕೊಳ್ಳಿ. ಭಾಷೆಗಿಂತ ಲೆಕ್ಕದಲ್ಲಿ ಏರಿಕೆ ಜಾಸ್ತಿ.

ಇದಕ್ಕಿಂತ ಸ್ವಾರಸ್ಯದ ವಿಷಯ ಒಂದಿದೆ. ಬಾಲಸಖಿ 20 ಮಕ್ಕಳನ್ನು ಕರೆದುಕೊಂಡು ಹೋದಾಗ ತರಗತಿಯಲ್ಲಿ ಉಳಿದವರಿಗೂ ಲಾಭ ಆಗಬೇಕಿತ್ತು. ಎರಡು ಗಂಟೆ ಕಾಲ ತರಗತಿ ಚಿಕ್ಕದು, ಉಳಿದವರೆಲ್ಲ ಒಂದಿಷ್ಟು ಬರುವ ಮಕ್ಕಳೇ, ಕಲಿಸುವವರು ಸರ್ಕಾರದ ತರಬೇತಿ ಪಡೆದ ಕಾಯಂ ಶಿಕ್ಷಕರು. ಆದರೂ ಆ ಮಕ್ಕಳ ಅಂಕ ಏರಲಿಲ್ಲ. ಏರಿಕೆ ಬಂದದ್ದೆಲ್ಲ ಬಾಲಸಖಿ ಹತ್ತಿರ ಹೋದ ಮಕ್ಕಳಿಂದ. ಅಂದರೆ ಮಕ್ಕಳ ಸಂಖ್ಯೆ ಕಡಿಮೆ ಮಾಡಿದ ಮಾತ್ರಕ್ಕೆ ಕಲಿಕೆ ಬರುವುದಿಲ್ಲ. ಹೇಳುವ ಪಾಠ ಅದೇ, ಹೇಳುವ ರೀತಿ ಅದೇ ಆದರೆ 50 ಮಕ್ಕಳಿದ್ದರೂ ಅಷ್ಟೇ, 30 ಇದ್ದರೂ ಅಷ್ಟೇ.

ಇದನ್ನು ಹಿಡಿದು ‘ಶಿಕ್ಷಕರಿಗಿಂತ ಹತ್ತನೇ ತರಗತಿ ಓದಿದ ಹುಡುಗಿಯೇ ವಾಸಿ’ ಅಂತ ಷರಾ ಬರೆದವರೂ ಇದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಇಬ್ಬರಿಗೂ ಕೊಟ್ಟ ಕೆಲಸವೇ ಬೇರೆ. ಶಿಕ್ಷಕರಿಗೆ ‘ಪುಸ್ತಕ ಮುಗಿಸಿ’ ಅಂದಿದ್ದರು, ಬಾಲಸಖಿಗೆ ‘ಈ ಮಗುವಿಗೆ ಕಳೆಯೋದು ಬರಲಿ’ ಅಂದಿದ್ದರು. ಇಬ್ಬರೂ ತಮಗೆ ಹೇಳಿದ್ದನ್ನು ಮಾಡಿದರು.

ಡಬ್ಬಿಯಲ್ಲಿದ್ದ ಕಂಪ್ಯೂಟರುಗಳು

ವಡೋದರದಲ್ಲೇ ಇನ್ನೊಂದು ಪ್ರಯೋಗವೂ ನಡೆಯಿತು. 2000ದಲ್ಲಿ ಗುಜರಾತ್ ಸರ್ಕಾರ ಅಲ್ಲಿನ ಸುಮಾರು 100 ಪಾಲಿಕೆ ಶಾಲೆಗಳಿಗೆ ತಲಾ ನಾಲ್ಕು ಕಂಪ್ಯೂಟರ್ ಕೊಟ್ಟಿತ್ತು. 2002ರಲ್ಲಿ ಪ್ರಥಮ್‌ನವರು ಹೋಗಿ ನೋಡಿದರೆ ಬಹುಪಾಲು ಇನ್ನೂ ಡಬ್ಬಿಯಲ್ಲೇ ಇದ್ದವು. ನಡೆಸಲು ಬರುವವರು ಯಾರೂ ಇರಲಿಲ್ಲ. ನಮಗೇನೂ ಆಶ್ಚರ್ಯದ ವಿಷಯ ಅಲ್ಲ, ಬೀರುವಿಗೆ ಬೀಗ ಹಾಕಿ ಜೋಪಾನ ಮಾಡಿದ ಗಣಿತ ಕಿಟ್‌ಗಳನ್ನು ಎಲ್ಲರೂ ನೋಡಿದ್ದೇವೆ.

ಪ್ರಥಮ್ ಆ ಡಬ್ಬಿಗಳನ್ನು ಬಿಚ್ಚಿಸಿತು. ಹತ್ತಿರದ ಯುವಕ ಯುವತಿಯರಿಗೆ ಐದು ದಿನ ತರಬೇತಿ ಕೊಟ್ಟಿತು. ನಾಲ್ಕನೇ ತರಗತಿಯ ಮಕ್ಕಳು ವಾರಕ್ಕೆ ಎರಡು ಗಂಟೆ, ಒಂದು ಕಂಪ್ಯೂಟರಿಗೆ ಇಬ್ಬರಂತೆ ಕೂತು ಲೆಕ್ಕದ ಆಟ ಆಡಿದರು. ಮಗು ಸರಿ ಉತ್ತರ ಕೊಟ್ಟರೆ ಆಟ ಕಷ್ಟ ಆಗುತ್ತದೆ, ತಪ್ಪಿದರೆ ಅದೇ ಮಟ್ಟದಲ್ಲಿ ನಿಲ್ಲುತ್ತದೆ. ಲೆಕ್ಕದ ಅಂಕ ಅದೇ ಅಳತೆಯಲ್ಲಿ ಮೊದಲ ವರ್ಷ 0.35, ಎರಡನೇ ವರ್ಷ 0.47 ಏರಿತು. 50ನೇ ಜಾಗದ ಮಗು 68ರ ಹತ್ತಿರ ಬಂದ ಹಾಗೆ. ಕಡ್ಡಿ ಕಟ್ಟಿಗೂ ಕಂಪ್ಯೂಟರಿಗೂ ಇರುವ ಸಾಮ್ಯ ಒಂದೇ: ಮಗು ಎಲ್ಲಿ ನಿಂತಿದೆಯೋ ಅಲ್ಲಿಂದ ಶುರು ಮಾಡುವುದು. ಎರಡು ವರ್ಷ ಶಾಲೆಯೊಳಗೇ ಇದ್ದ ಆ ನಾಲ್ಕು ಕಂಪ್ಯೂಟರ್‌ಗಳಿಂದ ಅಲ್ಲಿಯವರೆಗೆ ಒಂದು ಅಂಕವೂ ಏರಿರಲಿಲ್ಲ ಅನ್ನೋದನ್ನು ಮರೆಯಬಾರದು.

ಒಂದು ವರ್ಷದ ಮೇಲೆ

ಇಲ್ಲಿಗೆ ಕಥೆ ನಿಲ್ಲಿಸಿದ್ದರೆ ಎಲ್ಲರಿಗೂ ಖುಷಿ. ಆದರೆ ಸಂಶೋಧಕರು ಯೋಜನೆ ಮುಗಿದು ಒಂದು ವರ್ಷ ಆದ ಮೇಲೆ ಅದೇ ಮಕ್ಕಳನ್ನು ಮತ್ತೆ ಪರೀಕ್ಷೆ ಮಾಡಿದರು. 2007ರಲ್ಲಿ ಪ್ರಕಟವಾದ ಅವರ ಪ್ರಬಂಧದಲ್ಲಿ ಆ ಅಂಕಿಯೂ ಇದೆ. ಬಾಲಸಖಿಯಿಂದ ಬಂದ ಏರಿಕೆ ಸುಮಾರು 0.10ಕ್ಕೆ ಇಳಿದಿತ್ತು. 61ರಲ್ಲಿದ್ದ ಮಗು 54ಕ್ಕೆ ಜಾರಿತ್ತು.

ಯಾಕೆ? ಮೂರನೇ ತರಗತಿಯಲ್ಲಿ ಮಗು ಎರಡಂಕಿಯ ಕಳೆಯುವ ಲೆಕ್ಕ ಕಲಿಯಿತು. ಮುಂದಿನ ವರ್ಷ ಬಾಲಸಖಿ ಇಲ್ಲ. ತರಗತಿಯಲ್ಲಿ ಭಾಗಾಕಾರ, ಭಿನ್ನರಾಶಿ ಓಡುತ್ತಿದೆ. ಮಗ್ಗಿ ಗಟ್ಟಿ ಇಲ್ಲದ ಮಗುವಿಗೆ ಭಾಗಾಕಾರ ಹೇಗೆ ಬರಬೇಕು? ಪಾಠ ಮುಂದೆ ಹೋಗಿದೆ, ಮಗು ಮತ್ತೆ ಹಿಂದೆ ಉಳಿದಿದೆ. ಇದು ನನ್ನ ಊಹೆ. ಆದರೆ ಲೆಕ್ಕದ ಸ್ವಭಾವವೇ ಹಾಗೆ. ಸಮಾಜ ವಿಜ್ಞಾನದಲ್ಲಿ ಒಂದು ಪಾಠ ತಪ್ಪಿದರೆ ಇನ್ನೊಂದು ಪಾಠ ಓದಬಹುದು. ಇಲ್ಲಿ ಸ್ಥಾನಬೆಲೆ ತಪ್ಪಿದರೆ ಕೂಡುವುದು, ಕಳೆಯುವುದು, ಗುಣಿಸುವುದು, ದಶಮಾಂಶ ಎಲ್ಲ ತಪ್ಪುತ್ತದೆ.

ಸರ್ಕಾರದ ಕೈಗೆ ಹೋದಾಗ

ಮುಂದಿನ ಪ್ರಶ್ನೆ ಸಹಜ. ಇದೇ ಕೆಲಸವನ್ನು ಸರ್ಕಾರಿ ಶಿಕ್ಷಕರೇ ಮಾಡಬಹುದಾ? ಬಿಹಾರದ ಪಶ್ಚಿಮ ಚಂಪಾರಣ್ ಜಿಲ್ಲೆಯಲ್ಲಿ ಇದಕ್ಕೆ ಉತ್ತರ ಸಿಕ್ಕಿತು. 2008ರ ಬೇಸಿಗೆ ರಜೆಯಲ್ಲಿ ಸರ್ಕಾರಿ ಶಿಕ್ಷಕರೇ ಹಿಂದುಳಿದ ಮಕ್ಕಳಿಗೆ ಶಿಬಿರ ನಡೆಸಿದರು. ಮಕ್ಕಳು ಕಲಿತರು. ಶಾಲೆ ಶುರುವಾದ ಮೇಲೆ ಅಲ್ಲಿನ ಶಾಲೆಗಳಿಗೆ ಇದೇ ವಿಧಾನದ ತರಬೇತಿ, ಇದೇ ಸಾಮಗ್ರಿ ಕೊಟ್ಟರು. ಬರೀ ಇಷ್ಟೇ ಕೊಟ್ಟ ಶಾಲೆಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗಲಿಲ್ಲ.

ಬೇಸಿಗೆಯಲ್ಲಿ ಬಂದ ಕಲಿಸುವ ಶಕ್ತಿ ಜುಲೈನಲ್ಲಿ ಎಲ್ಲಿ ಹೋಯಿತು? ಎಲ್ಲೂ ಹೋಗಲಿಲ್ಲ. ಬೇಸಿಗೆಯಲ್ಲಿ ಪೋರ್ಷನ್ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಉತ್ತರ ಪ್ರದೇಶದ ಉನ್ನಾವ್ ಮತ್ತು ಸೀತಾಪುರ ಜಿಲ್ಲೆಗಳಲ್ಲಿ 2013-14ರಲ್ಲಿ ಈ ಪಾಠವನ್ನೇ ಹಿಡಿದು ಹೊರಟರು. ಶಾಲೆಯ ದಿನಗಳಲ್ಲೇ 10 ಅಥವಾ 20 ದಿನಗಳ ‘ಕಲಿಕಾ ಶಿಬಿರ’. ಮೂರರಿಂದ ಐದನೇ ತರಗತಿಯ ಮಕ್ಕಳನ್ನು ತರಗತಿ ಮರೆತು, ಬರುವ ಲೆಕ್ಕದ ಪ್ರಕಾರ ಗುಂಪು ಮಾಡಿದರು. ಅಂಕಿ ಗುರುತಿಸದ ಐದನೇ ತರಗತಿಯ ಹುಡುಗ ಮತ್ತು ಮೂರನೇ ತರಗತಿಯ ಹುಡುಗಿ ಒಂದೇ ಗುಂಪು. ನಡೆಸಿದವರು ಪ್ರಥಮ್ ಸಿಬ್ಬಂದಿ ಮತ್ತು ಊರಿನ ಸ್ವಯಂಸೇವಕರು. ಓದು ಮತ್ತು ಲೆಕ್ಕದಲ್ಲಿ ಏರಿಕೆ 0.6ಕ್ಕೂ ಮೇಲೆ ಹೋಯಿತು. ಬಾಲಸಖಿ ತಂದದ್ದರ ಎರಡು ಪಟ್ಟಿಗಿಂತ ಜಾಸ್ತಿ, ಅದೂ ವರ್ಷದಲ್ಲಿ 10 ಅಥವಾ 20 ದಿನಗಳ ಕೆಲವೇ ಕಂತುಗಳಲ್ಲಿ.

ಕರ್ನಾಟಕಕ್ಕೂ ಈ ದಾರಿ ಹೊಸದಲ್ಲ. ನಾಲ್ಕು, ಐದನೇ ತರಗತಿಯ ಮಕ್ಕಳಿಗೆ ಓದು ಮತ್ತು ಲೆಕ್ಕ ಕಲಿಸಲು ಪ್ರಥಮ್ ಜೊತೆ ಸೇರಿ ಸರ್ಕಾರ ‘ಓದು ಕರ್ನಾಟಕ’ ನಡೆಸಿತು. ಅಕ್ಷರ ಫೌಂಡೇಶನ್‌ನ ‘ಗಣಿತ ಕಲಿಕಾ ಆಂದೋಲನ’ ಮಣಿ ಚೌಕಟ್ಟು (ಅಬ್ಯಾಕಸ್), ಹತ್ತರ ಕಟ್ಟು, ಆಟದ ನೋಟು ನಾಣ್ಯ ಇರುವ ಕಿಟ್ಟನ್ನು ಶಾಲೆಗೆ ತಂದಿತು. ಕೋವಿಡ್ ಆದ ಮೇಲೆ 2022-23ರಲ್ಲಿ ‘ಕಲಿಕಾ ಚೇತರಿಕೆ’ ಬಂತು. ಹೆಸರುಗಳಿಗೆ ಕೊರತೆ ಇಲ್ಲ. ಪ್ರತಿಯೊಂದರಲ್ಲೂ ನಾನು ಕೇಳುವ ಪ್ರಶ್ನೆ ಒಂದೇ. ಈ ಕೆಲಸಕ್ಕೆ ವೇಳಾಪಟ್ಟಿಯಲ್ಲಿ ಯಾವ ಪೀರಿಯಡ್ ಕೊಟ್ಟಿದ್ದಾರೆ? ಆ ಹೊತ್ತಿನಲ್ಲಿ ಪುಸ್ತಕದ ಪಾಠ ನಿಲ್ಲುತ್ತದೆಯಾ?

ಕಾನೂನೇ ಈ ಎಳೆದಾಟವನ್ನು ಒಳಗಿಟ್ಟುಕೊಂಡಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ಶಿಕ್ಷಕರ ಕರ್ತವ್ಯ ಹೇಳುತ್ತದೆ. ಪೂರ್ತಿ ಪಠ್ಯವನ್ನು ಗೊತ್ತಾದ ಅವಧಿಯಲ್ಲಿ ಮುಗಿಸಬೇಕು ಅನ್ನುತ್ತದೆ. ಅದರ ಮುಂದಿನ ಸಾಲಿನಲ್ಲೇ, ಪ್ರತಿ ಮಗುವಿನ ಕಲಿಯುವ ಶಕ್ತಿ ನೋಡಿ ಬೇಕಾದ ಹೆಚ್ಚುವರಿ ಬೋಧನೆ ಕೊಡಬೇಕು ಅಂತಲೂ ಅನ್ನುತ್ತದೆ. ಎರಡರಲ್ಲಿ ಯಾವುದಕ್ಕೆ ಇನ್‌ಸ್ಪೆಕ್ಷನ್ ಬರುತ್ತದೆ ಅಂತ ಯಾವ ಶಿಕ್ಷಕರನ್ನು ಕೇಳಿದರೂ ಹೇಳುತ್ತಾರೆ.

ಬಾಲಸಖಿಯ ಮೇಲೆ 20 ವರ್ಷ ದಾಟಿದೆ. ಹಳ್ಳಿ ಮಕ್ಕಳ ಕಲಿಕೆಯನ್ನು ಮನೆಮನೆಗೆ ಹೋಗಿ ಅಳೆಯುವ ಅಸರ್ ಸಮೀಕ್ಷೆಯ 2024ರ ವರದಿ ಪ್ರಕಾರ ದೇಶದ ಹಳ್ಳಿಗಳ ಐದನೇ ತರಗತಿ ಮಕ್ಕಳಲ್ಲಿ ಮೂರಂಕಿಯನ್ನು ಒಂದಂಕಿಯಿಂದ ಭಾಗಿಸಬಲ್ಲವರು 100ಕ್ಕೆ 30.7. 2022ರಲ್ಲಿ 25.6 ಇತ್ತು. ಏರಿದೆ, ನಿಜ. ಆದರೂ ಹತ್ತರಲ್ಲಿ ಏಳು ಮಕ್ಕಳು ಭಾಗಾಕಾರ ಬರದೆ ಆರನೇ ತರಗತಿಗೆ ಹೋಗುತ್ತಿದ್ದಾರೆ.

ಈ ಮಕ್ಕಳಿಗೆ ಲೆಕ್ಕದ ತಲೆ ಇಲ್ಲ ಅಂತ ಮಾತ್ರ ಹೇಳಬೇಡಿ. ಬ್ಯಾನರ್ಜಿ ಮತ್ತು ಡುಫ್ಲೋ ಇದ್ದ ತಂಡವೇ ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ತರಕಾರಿ ಮಾರುವ ಮಕ್ಕಳನ್ನು ಮಾತಾಡಿಸಿ 2025ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. ಕಿಲೋಗೆ 20 ರೂಪಾಯಿಯ ಆಲೂಗೆಡ್ಡೆ 800 ಗ್ರಾಂ, 15 ರೂಪಾಯಿಯ ಈರುಳ್ಳಿ 1.4 ಕಿಲೋ ಅಂದರೆ ‘37 ರೂಪಾಯಿ’ ಅಂತ ಆ ಮಕ್ಕಳು ಪೆನ್ನು ಹಿಡಿಯದೆ ಹೇಳುತ್ತಾರೆ. ಅದೇ ಮಕ್ಕಳ ಮುಂದೆ ಕಾಗದದ ಮೇಲೆ ಭಾಗಾಕಾರ ಇಟ್ಟರೆ ಮಾಡಿದವರು ಮೂರರಲ್ಲಿ ಒಬ್ಬರಷ್ಟೇ. ಶಾಲೆಗೆ ಮಾತ್ರ ಹೋಗುವ ಮಕ್ಕಳಿಗೆ ಇದರ ಉಲ್ಟಾ, ಅವರು ಅಂಗಡಿಯ ಲೆಕ್ಕದಲ್ಲಿ ತಡವರಿಸುತ್ತಾರೆ.

ಖರ್ಚು

ಕೊನೆಗೆ ದುಡ್ಡಿನ ಮಾತು. ಬಾಲಸಖಿಗೆ ಮಗು ಒಂದಕ್ಕೆ ವರ್ಷಕ್ಕೆ ತಗುಲಿದ ಖರ್ಚು ಸುಮಾರು 2.25 ಡಾಲರ್, ಆಗಿನ ಲೆಕ್ಕದಲ್ಲಿ ನೂರು ರೂಪಾಯಿಯ ಆಸುಪಾಸು. ಕಂಪ್ಯೂಟರ್ ಯೋಜನೆಗೆ ಸುಮಾರು 15 ಡಾಲರ್. ಖರ್ಚು ಮಾಡಿದ ರೂಪಾಯಿಗೆ ಬಂದ ಕಲಿಕೆ ನೋಡಿದರೆ ಬಾಲಸಖಿಯೇ ಗೆಲ್ಲುತ್ತಾಳೆ. ಅಭಿವೃದ್ಧಿ ಚರ್ಚೆಗಳಲ್ಲಿ ಈ ಹೋಲಿಕೆಯನ್ನು ಬಹಳ ಹೊಗಳುತ್ತಾರೆ.

ಆದರೆ ಅಷ್ಟು ಅಗ್ಗ ಹೇಗಾಯಿತು ಅಂತ ಕೇಳಬೇಕಲ್ಲ. ಬಾಲಸಖಿಗೆ ಸಿಗುತ್ತಿದ್ದ ಸಂಬಳ ತಿಂಗಳಿಗೆ 500ರಿಂದ 750 ರೂಪಾಯಿ. ಪಕ್ಕದ ಕೋಣೆಯಲ್ಲಿದ್ದ ಕಾಯಂ ಶಿಕ್ಷಕರ ಸಂಬಳದ ಒಂದು ಸಣ್ಣ ಪಾಲು. ಹೆಚ್ಚಿನವರು ಒಂದು ವರ್ಷದ ಹೊತ್ತಿಗೆ ಕೆಲಸ ಬಿಡುತ್ತಿದ್ದರು, ಅವರ ಜಾಗಕ್ಕೆ ಇನ್ನೊಬ್ಬ ಹುಡುಗಿ ಬರುತ್ತಿದ್ದಳು. ಇದರಿಂದ ಸಂಶೋಧಕರಿಗೆ ಒಂದು ಒಳ್ಳೆಯ ತೀರ್ಮಾನವೇ ಸಿಕ್ಕಿತು: ಫಲಿತಾಂಶ ಯಾರೋ ಕೆಲವು ಅಪರೂಪದ ವ್ಯಕ್ತಿಗಳಿಂದ ಬಂದದ್ದಲ್ಲ, ವಿಧಾನದಿಂದ ಬಂದದ್ದು. ವಾದ ಸರಿಯಾಗಿಯೇ ಇದೆ. ಆದರೆ ಈ ವಿಧಾನ ನಡೆದದ್ದು ಬಡ ಬಡಾವಣೆಯ ಹುಡುಗಿಯರು ಕಡಿಮೆ ಸಂಬಳಕ್ಕೆ ಸಿಗುತ್ತಾರೆ ಅನ್ನುವ ಲೆಕ್ಕದ ಮೇಲೆ. ಇವತ್ತು ಇದನ್ನು ನಮ್ಮ ಯಾವುದೋ ತಾಲ್ಲೂಕಿನಲ್ಲಿ ನಡೆಸುವುದಾದರೆ, ಮಗು ಒಂದಕ್ಕೆ ಇಷ್ಟು ಅಂತ ಖರ್ಚಿನ ಪಟ್ಟಿ ಬರೆಯುವಾಗ ಮೊದಲ ಸಾಲಿನಲ್ಲಿ ಅವಳ ಸಂಬಳವನ್ನು ಮರ್ಯಾದೆಯಿಂದ ಬದುಕುವಷ್ಟು ಹಾಕಿ, ಆಮೇಲೆ ಉಳಿದದ್ದನ್ನು ಕೂಡಬೇಕು. ಆಗ ಖರ್ಚು ನೂರು ರೂಪಾಯಿಯಲ್ಲಿ ನಿಲ್ಲುವುದಿಲ್ಲ.